ಹೆಡ್ ಗ್ಯಾಸ್ಕೆಟ್ ಮತ್ತೆ ಮತ್ತೆ ಹಾರುತ್ತಿದೆಯೇ? ಬ್ಲಾಕ್ ಮುಖ ಸಮತಟ್ಟು ಮಾಡುವ ಸಮಗ್ರ ಮಾರ್ಗದರ್ಶಿ

ಖಂಡಾಳ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದ ಗಾಡಿ ಪುಣೆಯ ಒಂದು ಗ್ಯಾರೇಜಿನಲ್ಲಿ ಹೊಸ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೋರದಂತೆ ಕೂರುವ ಹಾಳೆ) ಹಾಕಿಸಿಕೊಂಡು ಹೊರಡುತ್ತದೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಬಿಳಿ ಹೊಗೆ, ಮತ್ತೆ ಕೂಲಂಟ್ ಕಡಿಮೆ. ಗ್ಯಾಸ್ಕೆಟ್ ಡೂಪ್ಲಿಕೇಟ್ ಕೊಟ್ಟ ಎಂದು ನಾನಾ ಪೇಠದ ಅಂಗಡಿಯವನ ಮೇಲೆ ಸಿಟ್ಟು ಹೋಗುತ್ತದೆ. ಬಹಳ ಸಲ ತಪ್ಪು ಗ್ಯಾಸ್ಕೆಟ್‌ನದಲ್ಲ. ಹೆಡ್ ಮಾತ್ರ ಫೇಸಿಂಗ್‌ಗೆ (ಮಷೀನಿನಲ್ಲಿ ಮುಖ ಸಮ ಮಾಡಿಸಲು) ಹೋಗಿರುತ್ತದೆ. ಗಾಡಿಯಲ್ಲೇ ಉಳಿದ ಬ್ಲಾಕ್‌ಗೆ ಕೈಗೆ ಸಿಕ್ಕ ಪಾಲಿಶ್ ಪೇಪರ್ ತಿಕ್ಕಿ, ಹೊಳಪು ಬಂತೆಂದು ಮುಚ್ಚಿರುತ್ತಾರೆ.

ಪುಣೆ, ಪಿಂಪರಿ, ಭೋಸರಿ ಕಡೆಯ ಗ್ಯಾರೇಜುಗಳಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿಯಿಂದ ಬಂದ ನಮ್ಮ ಹುಡುಗರು ಬಹಳ ಜನ ಇದ್ದಾರೆ. ಬಿಚ್ಚುವುದು, ಕಟ್ಟುವುದು ಅವರಿಗೆ ಚೆನ್ನಾಗಿ ಗೊತ್ತು. ಎಡವುವುದು ಇವೆರಡರ ನಡುವಿನ ಈ ಕೆಲಸದಲ್ಲಿ. ಅವರಿಗಾಗಿ, ಮತ್ತು ಸ್ವಂತ ಗಾಡಿಯನ್ನು ತಾವೇ ಬಿಚ್ಚುವ ಧೈರ್ಯ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ಹಂತಗಳ ಕ್ರಮ ಮುಖ್ಯ, ಹಿಂದುಮುಂದು ಮಾಡಬೇಡಿ.

## ಹೊಳಪು ಬೇರೆ, ಸಮತಟ್ಟು ಬೇರೆ

ಬ್ಲಾಕ್ ಮುಖದಲ್ಲಿ, ಅಂದರೆ ಹೆಡ್ ಕೂರುವ ಅದರ ಮೇಲ್ಮೈಯಲ್ಲಿ, ಎರಡು ಗುಣ ನೋಡಬೇಕು. ಒಂದು ಸಮತಟ್ಟು: ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತಗ್ಗು, ಉಬ್ಬು, ತಿರುಚು ಇರಬಾರದು. ಇನ್ನೊಂದು ಫಿನಿಶ್: ಮೇಲ್ಮೈಯ ಸೂಕ್ಷ್ಮ ಗೀರುಗಳ ಆಳ. ಕನ್ನಡಿಯಂತೆ ಹೊಳೆಯುವ ಮುಖ 0.15 ಮಿ.ಮೀ. ತಗ್ಗಾಗಿರಬಹುದು. ಮಸುಕಾಗಿ, ಮಷೀನಿನ ಗೆರೆ ಕಾಣುವ ಮುಖ ಪಕ್ಕಾ ಸಮತಟ್ಟಾಗಿರಬಹುದು. ಕಣ್ಣಿಗೂ ಬೆರಳಿಗೂ ಫಿನಿಶ್ ಅಷ್ಟೇ ತಿಳಿಯುತ್ತದೆ. ಸಮತಟ್ಟು ತಿಳಿಯಲು ಸ್ಟ್ರೇಟ್ ಎಡ್ಜ್ (ಅಂಚು ಪಕ್ಕಾ ನೇರವಿರುವ ಪಟ್ಟಿ) ಬೇಕೇ ಬೇಕು.

ಫಿನಿಶ್ ಎಷ್ಟಿರಬೇಕು ಎನ್ನುವುದು ಗ್ಯಾಸ್ಕೆಟ್ ಮೇಲೆ ನಿಂತಿದೆ. ಹಳೆಯ ಕಾಂಪೋಸಿಟ್ ಗ್ಯಾಸ್ಕೆಟ್ ಮೆತ್ತಗಿದ್ದು ಗೀರುಗಳೊಳಗೆ ಕೂರುತ್ತದೆ. ಅದಕ್ಕೆ ಸುಮಾರು 1.5ರಿಂದ 2.5 ಮೈಕ್ರಾನ್ ಆರ್‌ಎ (ಮೇಲ್ಮೈ ಒರಟುತನದ ಸರಾಸರಿ ಅಳತೆ) ನಡೆಯುತ್ತದೆ. ಈಗಿನ ಗಾಡಿಗಳ ಎಂಎಲ್‌ಎಸ್ ಗ್ಯಾಸ್ಕೆಟ್ ಎಂದರೆ ಉಕ್ಕಿನ ತೆಳು ತಗಡುಗಳ ಪದರ, ಮೇಲೆ ರಬ್ಬರಿನ ಬಹಳ ತೆಳುವಾದ ಲೇಪ. ಆಳದ ಗೀರನ್ನು ಅದು ತುಂಬಲಾರದು. ಅದಕ್ಕೆ 1.3 ಮೈಕ್ರಾನ್‌ಗಿಂತ ನುಣುಪು ಬೇಕು, 0.8ರ ಒಳಗಿದ್ದರೆ ಇನ್ನೂ ಒಳ್ಳೆಯದು. ಹಳೆಯ ಬ್ಲಾಕ್‌ಗೆ 'ಚೆನ್ನಾಗಿರಲಿ' ಎಂದು ಎಂಎಲ್‌ಎಸ್ ಗ್ಯಾಸ್ಕೆಟ್ ತರುವವರು ಮೊದಲು ಈ ಮುಖ ಸಿದ್ಧ ಮಾಡಿಕೊಂಡಿರಬೇಕು.

ಮುಖ ಚೆನ್ನಾಗಿದ್ದರೂ ಗ್ಯಾಸ್ಕೆಟ್‌ಗೆ ಸುಮ್ಮನೆ ಕೂರುವ ಯೋಗವಿಲ್ಲ. ಅಲ್ಯೂಮಿನಿಯಮ್ ಹೆಡ್ ಬಿಸಿಯಾದಾಗ ಬೀಡುಕಬ್ಬಿಣದ ಬ್ಲಾಕ್‌ಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಗಾಡಿ ಬಿಸಿಯಾಗಿ ತಣ್ಣಗಾದ ಪ್ರತಿ ಸಲವೂ ಹೆಡ್, ಗ್ಯಾಸ್ಕೆಟ್ ಮೇಲೆ ಜಾರಿ ವಾಪಸ್ ಬರುತ್ತದೆ. ಮುಖ ಒರಟಾಗಿದ್ದರೆ ಆ ಜಾರಾಟವೇ ಲೇಪವನ್ನು ಕಿತ್ತುಹಾಕುತ್ತದೆ.

## ಬೇಕಾಗುವ ಸಾಮಾನು

ಮೊದಲು ಸ್ಟ್ರೇಟ್ ಎಡ್ಜ್. ಬ್ಲಾಕ್‌ನ ಕರ್ಣಕ್ಕಿಂತ ಉದ್ದ ಇರಬೇಕು, ಗ್ರೈಂಡ್ ಮಾಡಿದ್ದು, ಸರ್ಟಿಫಿಕೇಟ್ ಇರುವುದು. ಬಡಗಿಯ ಸ್ಟೀಲ್ ಪಟ್ಟಿ, ಅಲ್ಯೂಮಿನಿಯಮ್ ಚಾನೆಲ್, ಸ್ಪಿರಿಟ್ ಲೆವೆಲ್ ಯಾವುದೂ ನಡೆಯುವುದಿಲ್ಲ. ದುಬಾರಿ ಎನಿಸಿದರೆ ಇಬ್ಬರು ಮೂವರು ಸೇರಿ ಕೊಳ್ಳಿ. ಆದರೆ ಇದಿಲ್ಲದೆ ಕೆಲಸ ಶುರು ಮಾಡಬೇಡಿ. ಮರದ ಡಬ್ಬಿಯಲ್ಲಿಡಿ. ಒಂದು ಸಲ ನೆಲಕ್ಕೆ ಬಿದ್ದರೆ ಅದರ ಮಾತು ನಂಬುವಂತಿಲ್ಲ.

ಉಳಿದದ್ದು: 0.03 ಮಿ.ಮೀ.ಯಿಂದ ಎಲೆಗಳಿರುವ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡುಗಳ ಕಟ್ಟು), ಪ್ಲಾಸ್ಟಿಕ್ ಸ್ಕ್ರೇಪರ್, ಬೀಡುಕಬ್ಬಿಣಕ್ಕೆ ಮಾತ್ರ ರೇಜರ್ ಬ್ಲೇಡ್, ನುಣುಪು ಆಯಿಲ್ ಸ್ಟೋನ್, 320 ಮತ್ತು 400 ನಂಬರಿನ ವಾಟರ್ ಪೇಪರ್, ಥ್ರೆಡ್ ಚೇಸರ್, ಬ್ರೇಕ್ ಕ್ಲೀನರ್ ಅಥವಾ ಅಸಿಟೋನ್, ನೂಲು ಬಿಡದ ಬಟ್ಟೆ, ಗ್ರೀಸ್, ಅಗಲ ಟೇಪ್, ವ್ಯಾಕ್ಯೂಮ್ ಕ್ಲೀನರ್, ಕನ್ನಡಕ, ಕೈಗವಸು. ವೆಟ್ ಲೈನರ್ (ಹೊರಮೈಗೆ ನೇರ ಕೂಲಂಟ್ ತಾಗುವ, ಬಿಡಿಯಾಗಿ ಕೂರಿಸಿದ ಸಿಲಿಂಡರ್ ಕೊಳವೆ) ಎಂಜಿನ್ ಮತ್ತು ಡೀಸೆಲ್‌ಗೆ ಸ್ಟ್ಯಾಂಡ್ ಸಹಿತ ಡಯಲ್ ಗೇಜ್. ಕೊನೆಗೆ ಕಟ್ಟಲು ಟಾರ್ಕ್ ರೆಂಚ್, ಆ್ಯಂಗಲ್ ಗೇಜ್. ಜೊತೆಗೆ ನಿಮ್ಮ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್. ಇಲ್ಲಿ ಕೊಟ್ಟ ಅಂಕಿಗೂ ಮ್ಯಾನ್ಯುಯಲ್‌ಗೂ ವ್ಯತ್ಯಾಸ ಕಂಡರೆ ಮ್ಯಾನ್ಯುಯಲ್ ಹೇಳಿದ್ದೇ ಸರಿ.

## ಹಂತ 1: ಹೆಡ್ ಇಳಿಸುವಾಗಲೇ ಎಚ್ಚರ

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿ ಇರುವಾಗ ಬೋಲ್ಟ್ ಸಡಿಲಿಸಿದರೆ ಹೆಡ್ ಅಲ್ಲೇ ಬಾಗುತ್ತದೆ.

ರೇಡಿಯೇಟರ್ ಖಾಲಿ ಮಾಡಿದರೆ ಸಾಲದು. ಬ್ಲಾಕ್‌ನ ಪಕ್ಕದ ಡ್ರೇನ್ ಪ್ಲಗ್ ಕೂಡ ತೆಗೆಯಿರಿ. ಇಲ್ಲದಿದ್ದರೆ ಹೆಡ್ ಎತ್ತಿದ ಕೂಡಲೇ ಜಾಕೆಟ್‌ನಲ್ಲಿ (ಬ್ಲಾಕ್ ಒಳಗಿನ ನೀರಿನ ದಾರಿ) ಉಳಿದ ಕೂಲಂಟ್ ಸಿಲಿಂಡರ್‌ಗೂ ಬೋಲ್ಟ್ ರಂಧ್ರಗಳಿಗೂ ಇಳಿಯುತ್ತದೆ.

ಬೋಲ್ಟ್ ಬಿಚ್ಚುವುದು ಬಿಗಿಯುವ ಕ್ರಮದ ತದ್ವಿರುದ್ಧ: ಹೊರಗಿನಿಂದ ನಡುವಿಗೆ, ಎರಡು ಮೂರು ಸುತ್ತಿನಲ್ಲಿ. ಹೆಡ್ ಅಂಟಿಕೊಂಡಿದ್ದರೆ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಬ್ಲಾಕ್ ಮುಖದಲ್ಲಿ ನಾನು ಕಾಣುವ ಆಳದ ಗಾಯಗಳಲ್ಲಿ ಹೆಚ್ಚಿನವು ಈ ಒಂದು ಮೀಟುವಿಕೆಯವು. ಮೀಟಲೆಂದೇ ಹೆಡ್‌ಗೆ ಎರಕದ ಕಿವಿ ಇದ್ದರೆ ಅಲ್ಲಿ ಮೀಟಿ, ಇಲ್ಲದಿದ್ದರೆ ಮರದ ತುಂಡಿಟ್ಟು ಪಕ್ಕದಿಂದ ತಟ್ಟಿ.

## ಹಂತ 2: ಹಳೆಯ ಗ್ಯಾಸ್ಕೆಟ್ ಓದಿ, ಬ್ಲಾಕ್ ಗುರುತಿಸಿ

ಹಳೆಯ ಗ್ಯಾಸ್ಕೆಟ್ ಎಸೆಯಬೇಡಿ. ಯಾವ ಮುಖ ಮೇಲಿತ್ತು, ಮುಂದಿನ ತುದಿ ಯಾವುದು ಎಂದು ಮಾರ್ಕರ್‌ನಿಂದ ಬರೆದಿಡಿ. ಫೈರ್ ರಿಂಗ್ (ಗ್ಯಾಸ್ಕೆಟ್‌ನಲ್ಲಿ ಸಿಲಿಂಡರ್ ಬಾಯಿಯ ಸುತ್ತ ಬರುವ ಉಂಗುರ) ಮೇಲೆ ಕಪ್ಪು ಗೆರೆ ದಾಟಿರುವ ಜಾಗದಲ್ಲಿ ಗ್ಯಾಸ್ ಸೋರಿದೆ. ಒತ್ತಿದ ಗುರುತು ಎಲ್ಲಿ ಮಸುಕಾಗಿದೆಯೋ ಅಲ್ಲಿ ಬಿಗಿತ ಸಿಕ್ಕಿಲ್ಲ. ಅಳತೆ ತೆಗೆಯುವಾಗ ಅದೇ ಜಾಗದಲ್ಲಿ ತಗ್ಗು ಸಿಗಬೇಕು. ಬ್ಲಾಕ್‌ನಲ್ಲಿ ಸಿಗದಿದ್ದರೆ ಹೆಡ್‌ನಲ್ಲಿ ಹುಡುಕಿ.

ನಂತರ ಬ್ಲಾಕ್‌ಗೆ ಒಂದು ಆಯಸ್ಕಾಂತ ಹಚ್ಚಿ ನೋಡಿ. ಹಿಡಿದರೆ ಬೀಡುಕಬ್ಬಿಣ, ಹಿಡಿಯದಿದ್ದರೆ ಅಲ್ಯೂಮಿನಿಯಮ್. ಮಾರುತಿಯ ಕೆ-ಸೀರೀಸ್ ಪೆಟ್ರೋಲ್ ಎಂಜಿನ್‌ಗಳ ಬ್ಲಾಕ್ ಅಲ್ಯೂಮಿನಿಯಮ್‌ನದು. ಅಂಥದ್ದರಲ್ಲಿ ಸಿಲಿಂಡರ್ ಒಳಗಿನ ಲೈನರ್ ಮಾತ್ರ ಕಬ್ಬಿಣ. ಮುಂದೆ ಕೈಯಿಂದ ಉಜ್ಜಬಹುದೋ ಬಾರದೋ ಎನ್ನುವುದು ಇಲ್ಲೇ ನಿರ್ಧಾರವಾಗುತ್ತದೆ.

ಲಾರಿ, ಟೆಂಪೋ, ಟ್ರ್ಯಾಕ್ಟರ್ ಎಂಜಿನ್ ಆದರೆ ವೆಟ್ ಲೈನರ್ ಇದೆಯೇ ನೋಡಿ. ಇದ್ದರೆ ಹೆಡ್ ತೆಗೆದ ಮೇಲೆ ಲೈನರ್‌ಗಳನ್ನು ಕ್ಲ್ಯಾಂಪ್‌ನಿಂದ ಹಿಡಿದಿಡದೆ ಕ್ರ್ಯಾಂಕ್ ತಿರುಗಿಸಬೇಡಿ. ಪಿಸ್ಟನ್ ಮೇಲೆ ಬರುವಾಗ ಲೈನರ್ ಎದ್ದರೆ ಕೆಳಗಿನ ಸೀಲ್ ಹೋಯಿತು.

## ಹಂತ 3: ಎಲ್ಲ ಬಾಯಿ ಮುಚ್ಚಿ

ಸ್ಕ್ರೇಪರ್ ಮುಟ್ಟುವ ಮೊದಲೇ ಸಿಲಿಂಡರ್‌ಗಳಿಗೆ ಬಟ್ಟೆ ತುರುಕಿ, ಅಂಚಿನ ಸುತ್ತ ಗ್ರೀಸ್ ಸವರಿ. ಬೀಳುವ ಪುಡಿ ಗ್ರೀಸ್‌ಗೆ ಅಂಟುತ್ತದೆ, ಪಿಸ್ಟನ್ ರಿಂಗ್‌ವರೆಗೆ ಇಳಿಯುವುದಿಲ್ಲ. ಆಯಿಲ್ ಗ್ಯಾಲರಿ, ಆಯಿಲ್ ವಾಪಸ್ ಇಳಿಯುವ ರಂಧ್ರ, ನೀರಿನ ದಾರಿ, ಚೈನ್ ಇಳಿಯುವ ಕಿಂಡಿ ಎಲ್ಲಕ್ಕೂ ಟೇಪ್. ಆಯಿಲ್ ಗ್ಯಾಲರಿಯನ್ನು ಎರಡು ಸಲ ನೋಡಿ. ಅದರೊಳಗೆ ಬಿದ್ದ ಒಂದು ಚೂರು ನೇರ ಬೇರಿಂಗ್‌ಗೆ ಹೋಗುತ್ತದೆ.

## ಹಂತ 4: ಕೆರೆಯುವುದು

ಗ್ಯಾಸ್ಕೆಟ್ ರಿಮೂವರ್ ಸ್ಪ್ರೇ ಹಾಕಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಗಟ್ಟಿ ಅಂಟು ತಾನೇ ಮೆತ್ತಗಾಗುತ್ತದೆ. ಕಾಯುವ ತಾಳ್ಮೆ ಇಲ್ಲದ್ದಕ್ಕೇ ಜನ ಗ್ರೈಂಡರ್ ಕೈಗೆತ್ತಿಕೊಳ್ಳುವುದು.

ಬೀಡುಕಬ್ಬಿಣಕ್ಕೆ ರೇಜರ್ ಬ್ಲೇಡ್ ನಡೆಯುತ್ತದೆ: ಬಹುತೇಕ ಮಲಗಿಸಿ ಹಿಡಿದು ಮುಂದಕ್ಕೆ ತಳ್ಳಿ, ಮೂಲೆ ಊರದಂತೆ. ಅಲ್ಯೂಮಿನಿಯಮ್‌ಗೆ ಪ್ಲಾಸ್ಟಿಕ್ ಸ್ಕ್ರೇಪರ್ ಮಾತ್ರ. ಕಾಸ್ಟಿಕ್ ಸೋಡಾ ನೀರು ಅಲ್ಯೂಮಿನಿಯಮ್‌ಗೆ ತಾಗಿಸಲೇಬೇಡಿ. ಅದು ಲೋಹವನ್ನೇ ತಿನ್ನುತ್ತದೆ.

ಏರ್ ಗ್ರೈಂಡರ್‌ಗೆ ಸಿಕ್ಕಿಸುವ ನಾರಿನ ಡಿಸ್ಕ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಎಲ್ಲ ಗ್ಯಾರೇಜಿನಲ್ಲೂ ಅದು ಇದೆ, ಕ್ಷಣದಲ್ಲಿ ಮುಖ ಬೆಳ್ಳಗಾಗುತ್ತದೆ. ಆದರೆ ಅದು ಎರಡು ರೀತಿಯಲ್ಲಿ ಕೊಲ್ಲುತ್ತದೆ. ಒಂದೇ ಕಡೆ ಸ್ವಲ್ಪ ನಿಂತರೆ ಅಲ್ಲಿ ತಗ್ಗು ಬೀಳುತ್ತದೆ, ಅದೂ ಹೆಚ್ಚಾಗಿ ಗ್ಯಾಸ್ಕೆಟ್ ಗಟ್ಟಿ ಅಂಟಿದ್ದ ಫೈರ್ ರಿಂಗ್ ಪಕ್ಕದಲ್ಲೇ. ಎರಡನೆಯದು, ಡಿಸ್ಕ್‌ನಿಂದ ಉದುರುವ ಅಲ್ಯೂಮಿನಿಯಮ್ ಆಕ್ಸೈಡ್ ಪುಡಿ. ಅದು ಆಯಿಲ್‌ನಲ್ಲಿ ಬೆರೆತು ಬೇರಿಂಗ್ ತಿನ್ನುತ್ತದೆ. ಎಂಜಿನ್ ಗ್ಯಾಸ್ಕೆಟ್ ಮುಖಗಳಿಗೆ ಈ ಡಿಸ್ಕ್ ಬಳಸಬಾರದೆಂದು ಜನರಲ್ ಮೋಟರ್ಸ್ ತನ್ನ ಸರ್ವಿಸ್ ಬುಲೆಟಿನ್‌ನಲ್ಲೇ ಡೀಲರ್‌ಗಳಿಗೆ ಎಚ್ಚರಿಸಿದೆ. ಗ್ಯಾಸ್ಕೆಟ್ ಕೆಲಸ ಮಾಡಿಸಿದ ಗಾಡಿ ಆಮೇಲೆ ಕೆಳಗಿನಿಂದ 'ಟಕ್ ಟಕ್' ಎನ್ನುತ್ತಾ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಡಿಸ್ಕ್ ಹೊಡೆದಿದ್ದಿರಾ?

## ಹಂತ 5: ಬೋಲ್ಟ್ ರಂಧ್ರ ಮತ್ತು ಡೋವೆಲ್

ಅಳತೆಗೆ ಮೊದಲು ರಂಧ್ರಗಳ ಕೆಲಸ ಮುಗಿಯಬೇಕು. ಏಕೆಂದರೆ ಅಳತೆ ಕೆಡಿಸುವವು ಇವೇ.

ವರ್ಷಗಟ್ಟಲೆ ಬಿಗಿತದಲ್ಲಿದ್ದ ಬೋಲ್ಟ್ ತನ್ನ ರಂಧ್ರದ ಬಾಯಿಯ ಲೋಹವನ್ನು ಮೇಲಕ್ಕೆ ಎಳೆದಿರುತ್ತದೆ. ಸುತ್ತ ಒಂದು ಸಣ್ಣ ದಿಬ್ಬ ನಿಂತಿರುತ್ತದೆ, ಕಣ್ಣಿಗೆ ಕಾಣದು. ಸ್ಟ್ರೇಟ್ ಎಡ್ಜ್ ಆ ದಿಬ್ಬಗಳ ಮೇಲೆ ಕುಳಿತರೆ ಬ್ಲಾಕ್ ಇಡೀ ತಗ್ಗಾದಂತೆ ತೋರಿಸುತ್ತದೆ. ಸರಿಯಿರುವ ಬ್ಲಾಕ್ ಅನ್ನು ಸುಮ್ಮನೆ ಮಷೀನ್‌ಗೆ ಕಳಿಸುವುದು ಹೀಗೆಯೇ. ಆಯಿಲ್ ಸ್ಟೋನ್‌ಗೆ ಎರಡು ಹನಿ ಎಣ್ಣೆ ಹಾಕಿ, ಪೂರ್ತಿ ಚಪ್ಪಟೆ ಇಟ್ಟು, ಪ್ರತಿ ರಂಧ್ರದ ಸುತ್ತ ಹಗುರವಾಗಿ ಆಡಿಸಿ. ದಿಬ್ಬ ಇದ್ದಲ್ಲಿ ಹೊಳೆಯುವ ಉಂಗುರ ಮೂಡುತ್ತದೆ. ಆ ಉಂಗುರ ಸುತ್ತಲ ಮುಖದಲ್ಲಿ ಬೆರೆಯುವವರೆಗೆ ಸಾಕು.

ಹೆಡ್ ಸರಿಯಾದ ಜಾಗಕ್ಕೆ ಕೂರಲು ಇರುವ ಡೋವೆಲ್ ಪಿನ್‌ಗಳನ್ನು ಹೊರಗೆ ತೆಗೆಯಿರಿ. ಬರದಿದ್ದರೆ ಸ್ಟ್ರೇಟ್ ಎಡ್ಜ್ ಅವಕ್ಕೆ ತಾಗದ ಗೆರೆ ಹಿಡಿಯಬೇಕಾಗುತ್ತದೆ.

ಬೋಲ್ಟ್ ರಂಧ್ರದೊಳಗಿನ ದಾರಗಳನ್ನು (ಥ್ರೆಡ್) ಸ್ವಚ್ಛ ಮಾಡಲು ಥ್ರೆಡ್ ಚೇಸರ್ ಹಾಕಿ. ಹೊಸ ದಾರ ಕೊರೆಯುವ ಟ್ಯಾಪ್ ಹಾಕಿದರೆ ಲೋಹ ಕತ್ತರಿಸಿ ದಾರ ಸಡಿಲವಾಗುತ್ತದೆ. ಆಮೇಲೆ ಪ್ರತಿ ರಂಧ್ರದ ತಳದವರೆಗೆ ಒಣಗಿಸಿ. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆಯೋ ಕೂಲಂಟೋ ಉಳಿದಿದ್ದರೆ, ಬೋಲ್ಟ್ ಬಿಗಿಯುವಾಗ ಆ ದ್ರವಕ್ಕೆ ಹೋಗಲು ದಾರಿಯಿಲ್ಲ. ಒತ್ತಡಕ್ಕೆ ಬ್ಲಾಕ್ ಸೀಳಬಹುದು. ಸೀಳದಿದ್ದರೂ ಟಾರ್ಕ್ ರೆಂಚ್ ಸುಳ್ಳು ಹೇಳುತ್ತದೆ: ಅದು 'ಕ್ಲಿಕ್' ಎಂದರೂ ಹೆಡ್‌ಗೆ ಬಿಗಿತ ತಲುಪಿರುವುದಿಲ್ಲ. ಗಾಳಿ ಊದುವಾಗ ಕನ್ನಡಕ ಹಾಕಿ, ರಂಧ್ರದ ಮೇಲೆ ಬಟ್ಟೆ ಹಿಡಿಯಿರಿ.

## ಹಂತ 6: ಅಳತೆ

ಈ ಹಂತಕ್ಕೆ ಅವಸರ ಬೇಡ. ಬ್ಲಾಕ್ ಮತ್ತು ಸ್ಟ್ರೇಟ್ ಎಡ್ಜ್ ಒಂದೇ ತಾಪಮಾನದಲ್ಲಿರಬೇಕು. ಏಪ್ರಿಲ್ ಬಿಸಿಲಲ್ಲಿ ಅಂಗಳಕ್ಕಿಟ್ಟ ಬ್ಲಾಕ್ ಮೇಲೆ ಒಳಗಿನಿಂದ ತಂದ ಸ್ಟ್ರೇಟ್ ಎಡ್ಜ್ ಇಟ್ಟರೆ ಸಿಗುವ ಅಂಕಿಗೆ ಅರ್ಥವಿಲ್ಲ. ನೆರಳಿಗೆ ತಂದು ಕೆಲವು ತಾಸು ಬಿಡಿ.

ಮುಖವನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಸ್ಟ್ರೇಟ್ ಎಡ್ಜ್‌ನ ಅಂಚಿಗೂ ಬಟ್ಟೆ ಎಳೆಯಿರಿ. ಒಂದು ಕಾಗದದಲ್ಲಿ ಬ್ಲಾಕ್‌ನ ನಕ್ಷೆ ಬರೆದುಕೊಳ್ಳಿ: ಸಿಲಿಂಡರ್‌ಗಳು, ಮುಂದು, ಹಿಂದು.

ಕನಿಷ್ಠ ಆರು ಗೆರೆ ಹಿಡಿಯಬೇಕು. ಉದ್ದಕ್ಕೆ ಎರಡು, ಸಿಲಿಂಡರ್ ಸಾಲಿನ ಆಚೆಗೊಂದು ಈಚೆಗೊಂದು. ಅಡ್ಡಕ್ಕೆ ಎರಡು, ಎರಡೂ ತುದಿಯಲ್ಲಿ. ಮೂಲೆಯಿಂದ ಮೂಲೆಗೆ ಕರ್ಣ ಎರಡು. ಇವುಗಳ ಮೇಲೆ ಪ್ರತಿ ಎರಡು ಸಿಲಿಂಡರ್‌ಗಳ ನಡುವಿನ ಸಣ್ಣ ಸೇತುವೆಗೂ ಅಡ್ಡ ಗೆರೆ ಹಿಡಿಯಿರಿ. ಎರಡು ಕಡೆಯ ಬೆಂಕಿಯ ಕಾವು ಸೇರುವ ಜಾಗ ಅದು. ತಗ್ಗು ಅಲ್ಲೇ ಹೆಚ್ಚು.

ಸ್ಟ್ರೇಟ್ ಎಡ್ಜ್ ಅನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಎಲ್ಲಿ ತೂರುತ್ತದೆ ಎಂದು ಮೊದಲು ನೋಡಿ. ಬೆಳಕು ತಗ್ಗಿನ ಜಾಗ ತೋರಿಸುತ್ತದೆ, ಆಳ ಹೇಳುವುದು ಫೀಲರ್. ಕೈಯಿಂದ ಸ್ಟ್ರೇಟ್ ಎಡ್ಜ್ ಒತ್ತಬೇಡಿ, ಒತ್ತಿದರೆ ಬಾಗುತ್ತದೆ. 0.03 ಎಲೆಯಿಂದ ಶುರು ಮಾಡಿ, ಹೋದರೆ 0.04, ನಂತರ 0.05. ಬಲವಂತವಾಗಿ ತೂರಿಸಿದರೆ ಲೆಕ್ಕಕ್ಕಿಲ್ಲ, ಸಣ್ಣ ಹಿಡಿತದೊಂದಿಗೆ ಜಾರಬೇಕು. ಸಿಕ್ಕ ದೊಡ್ಡ ಅಂಕಿಯನ್ನು ನಕ್ಷೆಯಲ್ಲಿ ಆ ಜಾಗದಲ್ಲೇ ಬರೆಯಿರಿ.

ಪ್ರತಿ ಗೆರೆಯಲ್ಲೂ ಸ್ಟ್ರೇಟ್ ಎಡ್ಜ್ ತುದಿ ಬದಲಿಸಿ ಇನ್ನೊಮ್ಮೆ ಅಳೆಯಿರಿ. ತಗ್ಗು ಅಲ್ಲೇ ಇದ್ದರೆ ಬ್ಲಾಕ್‌ನದು, ಸ್ಟ್ರೇಟ್ ಎಡ್ಜ್ ಜೊತೆ ಜಾಗ ಬದಲಿಸಿದರೆ ಸ್ಟ್ರೇಟ್ ಎಡ್ಜ್‌ನದು. ಸ್ಟ್ರೇಟ್ ಎಡ್ಜ್ ತೊಟ್ಟಿಲಂತೆ ಅತ್ತಿತ್ತ ಆಡಿದರೆ ನಡುವೆ ಉಬ್ಬಿದೆ. ಆಗ ಎರಡೂ ತುದಿಯಲ್ಲಿ ಫೀಲರ್ ಹಾಕಿ ನೋಡಿ. ಒಂದು ಕರ್ಣ ತಗ್ಗು, ಇನ್ನೊಂದು ಕರ್ಣ ಉಬ್ಬು ಎಂದರೆ ಬ್ಲಾಕ್ ತಿರುಚಿದೆ. ಅದಕ್ಕೆ ಮಷೀನ್ ಬಿಟ್ಟು ಬೇರೆ ದಾರಿಯಿಲ್ಲ.

ವೆಟ್ ಲೈನರ್ ಎಂಜಿನ್‌ನಲ್ಲಿ ಇನ್ನೊಂದು ಅಳತೆ: ಲೈನರ್ ಬ್ಲಾಕ್ ಮುಖಕ್ಕಿಂತ ಎಷ್ಟು ಮೇಲಿದೆ ಎನ್ನುವುದು. ಪ್ರತಿ ಲೈನರ್‌ಗೆ ನಾಲ್ಕು ಕಡೆ ಡಯಲ್ ಗೇಜ್ ಇಟ್ಟು ಮ್ಯಾನ್ಯುಯಲ್ ಅಂಕಿಗೆ ಹೋಲಿಸಿ. ಪಕ್ಕಪಕ್ಕದ ಲೈನರ್‌ಗಳ ಎತ್ತರದಲ್ಲಿ ವ್ಯತ್ಯಾಸವಿದ್ದರೆ ಹೆಡ್ ಎತ್ತರದ ಲೈನರ್ ಮೇಲೆ ಕೂರುತ್ತದೆ, ತಗ್ಗಿನದು ಸೋರುತ್ತದೆ.

## ಹಂತ 7: ತೀರ್ಮಾನ

ಮ್ಯಾನ್ಯುಯಲ್‌ನಲ್ಲಿ ಮಿತಿ ಬರೆದಿರುತ್ತದೆ. ಮೂರು, ನಾಲ್ಕು ಸಿಲಿಂಡರ್ ಕಾರುಗಳಿಗೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ: ಇಡೀ ಉದ್ದಕ್ಕೆ 0.05 ಮಿ.ಮೀ. ಸಾಧಾರಣ ಝೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ.; ಅದರ ಅರ್ಧ. ಉದ್ದಕ್ಕೆ ನಿಧಾನವಾಗಿ ಹರಡಿದ 0.05ಕ್ಕಿಂತ ಒಂದೇ ಸಿಲಿಂಡರ್ ಪಕ್ಕದಲ್ಲಿ ತಟ್ಟನೆ ಬಿದ್ದ 0.03 ಹೆಚ್ಚು ಅಪಾಯ. ಹೆಡ್ ಸ್ವಲ್ಪ ಬಳುಕಿ ಮೊದಲನೆಯದನ್ನು ಹೊಂದಿಸಿಕೊಳ್ಳುತ್ತದೆ, ಎರಡನೆಯದನ್ನು ಹೊಂದಿಸಲಾರದು.

ಮಿತಿಯೊಳಗಿದ್ದು ಮುಖದಲ್ಲಿ ಕಲೆ, ಸಣ್ಣ ಗೀರು ಮಾತ್ರ ಇದ್ದರೆ ಬ್ಲಾಕ್ ಬೀಡುಕಬ್ಬಿಣದ್ದಾದಾಗ ಹಂತ 8. ಮಿತಿ ದಾಟಿದ್ದರೆ, ಉಗುರು ಸಿಕ್ಕಿಕೊಳ್ಳುವ ಗೀರು ಫೈರ್ ರಿಂಗ್ ಜಾಗವನ್ನು ಅಡ್ಡ ದಾಟಿದ್ದರೆ, ಅಥವಾ ನೀರಿನ ರಂಧ್ರದ ತುಕ್ಕಿನ ಗುಳಿ ಫೈರ್ ರಿಂಗ್‌ನತ್ತ ತಿಂದುಕೊಂಡು ಬಂದಿದ್ದರೆ ನೇರ ಹಂತ 9. ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕಿ ಓಡಿಸಿದ ಗಾಡಿಗಳಲ್ಲಿ ಈ ಗುಳಿ ಬಹಳ. ಫೈರ್ ರಿಂಗ್ ಹತ್ತಿರ ಎಪಾಕ್ಸಿ ಪುಟ್ಟಿ ಮೆತ್ತಿ ಗುಳಿ ಮುಚ್ಚುವ ಕೆಲಸ ಮಾಡಬೇಡಿ, ಅದು ಅಲ್ಲಿನ ಕಾವು ತಡೆಯುವುದಿಲ್ಲ.

ಅಲ್ಯೂಮಿನಿಯಮ್ ಬ್ಲಾಕ್ ಮಿತಿಯೊಳಗಿದ್ದರೆ ಸ್ವಚ್ಛ ಮಾಡಿ ಹಂತ 10ಕ್ಕೆ ಹೋಗಿ. ಪೇಪರ್ ಹಚ್ಚಬೇಡಿ. ಮೆತ್ತನೆಯ ಅಲ್ಯೂಮಿನಿಯಮ್ ಬೇಗ ಸವೆದು ಗಟ್ಟಿ ಕಬ್ಬಿಣದ ಲೈನರ್ ಎತ್ತರದಲ್ಲಿ ಉಳಿಯುತ್ತದೆ.

## ಹಂತ 8: ಕೈಯಿಂದ ಉಜ್ಜುವುದು

ಇದು ಫಿನಿಶ್ ಸರಿಪಡಿಸುವ ಕೆಲಸ. 0.1 ಮಿ.ಮೀ. ತಗ್ಗನ್ನು ಕೈಯಿಂದ ತೆಗೆಯುತ್ತೇನೆ ಎಂದು ಹೊರಟರೆ ಅಂಚುಗಳು ಇಳಿದು, ನಡು ಉಬ್ಬಿ, ಮೊದಲಿಗಿಂತ ಕೆಟ್ಟು ಕೂರುತ್ತದೆ.

ಪೇಪರ್ ಅನ್ನು ಬೆರಳಿನಿಂದಲೂ ಮರದ ತುಂಡಿನಿಂದಲೂ ಒತ್ತಬಾರದು. ಬೇಕಾದದ್ದು ಗ್ರೈಂಡ್ ಮಾಡಿದ ಗಟ್ಟಿ ಪ್ಲೇಟ್, ಇಲ್ಲವೇ 10-12 ಮಿ.ಮೀ. ದಪ್ಪದ ಗಾಜಿನ ಪಟ್ಟಿ. ಬ್ಲಾಕ್‌ನ ಪೂರ್ತಿ ಅಗಲ ಮುಚ್ಚಬೇಕು, ಎರಡು ಸಿಲಿಂಡರ್‌ಗಿಂತ ಉದ್ದ ಇರಬೇಕು. ಗಾಜಿನ ಅಂಚನ್ನು ಅಂಗಡಿಯಲ್ಲೇ ಮೊಂಡು ಮಾಡಿಸಿ. ಬಳಸುವ ಮೊದಲು ಪ್ಲೇಟ್ ಮೇಲೂ ಸ್ಟ್ರೇಟ್ ಎಡ್ಜ್ ಇಟ್ಟು ನೋಡಿ. ತಗ್ಗಾದ ಪ್ಲೇಟ್‌ನಿಂದ ಸಮತಟ್ಟು ಬರುವುದಿಲ್ಲ.

1. ಬ್ಲಾಕ್ ಮುಖದ ಮೇಲೆ ಮಾರ್ಕರ್‌ನಿಂದ ಅಡ್ಡಡ್ಡ ಗೆರೆ ಎಳೆಯಿರಿ, ಎಲ್ಲ ಕಡೆ.
2. 320ರ ವಾಟರ್ ಪೇಪರ್ ಅನ್ನು ಪ್ಲೇಟ್‌ಗೆ ಸ್ಪ್ರೇ ಅಂಟಿನಿಂದ ಅಂಟಿಸಿ. ಸುಕ್ಕು, ಗುಳ್ಳೆ ಇರಬಾರದು.
3. ಮುಖಕ್ಕೆ ಸ್ವಲ್ಪ ಚಿಮಣಿ ಎಣ್ಣೆ ಸವರಿ. ಸಿಲಿಂಡರ್ ಕಡೆ ಹರಿಯುವಷ್ಟು ಸುರಿಯಬೇಡಿ.
4. ಪ್ಲೇಟ್‌ನ ಸ್ವಂತ ಭಾರ ಸಾಕು. ಎರಡೂ ಕೈ ಅದರ ನಡುವೆ ಇರಲಿ. ಓರೆಯಾಗಿ, ಒಂದು ಕರ್ಣದ ದಿಕ್ಕಿಗೆ ಕೆಲವು ಸಲ, ಇನ್ನೊಂದು ಕರ್ಣಕ್ಕೆ ಅಷ್ಟೇ ಸಲ. ಪ್ಲೇಟ್ ಬ್ಲಾಕ್‌ನ ತುದಿಯಿಂದ ಮೂರನೆಯ ಒಂದು ಭಾಗಕ್ಕಿಂತ ಹೊರಗೆ ಹೋಗಬಾರದು, ಹೋದರೆ ಓಲಿ ತುದಿ ಕಡಿಯುತ್ತದೆ.
5. ನಿಲ್ಲಿಸಿ, ಒರೆಸಿ, ಗೆರೆಗಳನ್ನು ನೋಡಿ. ಅಳಿಸಿದ್ದು ಎತ್ತರದ ಜಾಗ, ಉಳಿದದ್ದು ತಗ್ಗು. ನಿಮ್ಮ ನಕ್ಷೆಗೆ ಹೊಂದುತ್ತಿದೆಯೇ?
6. ಪೇಪರ್ ಕಪ್ಪಾದ ಕೂಡಲೇ ಬದಲಿಸಿ. ಗೆರೆ ಎಲ್ಲ ಕಡೆ ಮಾಸಿದ ಮೇಲೆ 400ರ ಪೇಪರ್‌ನಲ್ಲಿ ಸ್ವಲ್ಪ ಹೊತ್ತು.
7. ಮತ್ತೆ ಹಂತ 6ರ ಅಳತೆ, ಎಲ್ಲ ಗೆರೆ. ಅಂಕಿ ಮೊದಲಿಗಿಂತ ಹೆಚ್ಚಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಮಷೀನ್ ಶಾಪ್‌ಗೆ ನಡೆಯಿರಿ.

ಎಚ್ಚರದ ಗುರುತು: ನಾಲ್ಕೂ ಮೂಲೆ ಹೊಳೆದು ನಡು ಮಸುಕಾಗಿದ್ದರೆ ಮೊದಲೇ ತಗ್ಗಿತ್ತು, ಅಥವಾ ನಿಮ್ಮ ಕೈ ಓಲುತ್ತಿದೆ. ಎಲ್ಲ ಗೀರು ಒಂದೇ ದಿಕ್ಕಿಗೆ ಸಿಲಿಂಡರ್‌ನಿಂದ ನೀರಿನ ರಂಧ್ರದತ್ತ ಓಡುತ್ತಿದ್ದರೆ ಅದು ಸೋರಲು ನೀವೇ ತೋಡಿಕೊಟ್ಟ ಕಾಲುವೆ. ಎರಡು ಕರ್ಣಕ್ಕೂ ಸಮವಾಗಿ ಆಡಿಸಿ ಎಂದದ್ದು ಅದಕ್ಕೇ.

## ಹಂತ 9: ಮಷೀನ್ ಶಾಪ್‌ನಲ್ಲಿ ಕೇಳಬೇಕಾದ್ದು

ಬ್ಲಾಕ್ ಫೇಸಿಂಗ್‌ಗೆ ಎಂಜಿನ್ ಪೂರ್ತಿ ಬಿಚ್ಚಬೇಕು; ಪಿಸ್ಟನ್, ಕ್ರ್ಯಾಂಕ್ ಎಲ್ಲ ಹೊರಗೆ. ಗಾಡಿಯಲ್ಲೇ ಇಟ್ಟು ಫೇಸಿಂಗ್ ಮಾಡಿಕೊಡುತ್ತೇವೆ ಎನ್ನುವವರಿಂದ ದೂರ ಇರಿ.

ಮೊದಲ ಪ್ರಶ್ನೆ: ಬ್ಲಾಕ್ ಅನ್ನು ಯಾವುದರ ಮೇಲೆ ಕೂರಿಸಿ ಸೆಟ್ ಮಾಡುತ್ತೀರಿ? ಉತ್ತರ ಮೇನ್ ಬೇರಿಂಗ್ ಬೋರ್ ಆಗಿರಬೇಕು. ಮುಖ ಕ್ರ್ಯಾಂಕ್‌ನ ನಡುಗೆರೆಗೆ ಸಮಾನಾಂತರವಾಗಿ ಬರುವುದು ಹಾಗೆ. ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಕೂರುವ ಅಂಚನ್ನು ಮೇಜಿನ ಮೇಲಿಟ್ಟು ಕತ್ತರಿಸಿದರೆ ಮುಖ ಸಮತಟ್ಟಾಗಬಹುದು, ಆದರೆ ಒಂದು ಕಡೆ ಇಳಿಜಾರಾಗಿ.

ಎರಡನೆಯದು: ಯಾವ ಗ್ಯಾಸ್ಕೆಟ್ ಹಾಕುತ್ತೀರಿ ಎಂದು ನೀವೇ ಹೇಳಿ, ಫಿನಿಶ್ ಎಷ್ಟು ಬೇಕೆಂದು ಅಂಕಿಯಲ್ಲಿ ಹೇಳಿ. ಬೆಲ್ಟ್ ಸ್ಯಾಂಡರ್ ಮೇಲೆ ಉಜ್ಜಿಕೊಡುವ ಅಂಗಡಿ ಎಂಎಲ್‌ಎಸ್‌ಗೆ ಬೇಡ. ಪುಣೆಯಲ್ಲಿ ಇರುವವರಿಗೆ ಇಲ್ಲೊಂದು ಅನುಕೂಲವಿದೆ. ಭೋಸರಿ, ಚಾಕಣದ ಬಿಡಿಭಾಗ ಕಾರ್ಖಾನೆಗಳ ಕ್ವಾಲಿಟಿ ವಿಭಾಗದಲ್ಲಿ ಸರ್ಫೇಸ್ ರಫ್‌ನೆಸ್ ಟೆಸ್ಟರ್ ಸಾಮಾನ್ಯ. ಅಂಥ ಕಡೆ ಕೆಲಸ ಮಾಡುವ ನಮ್ಮೂರಿನವರ ಪರಿಚಯ ಇದ್ದರೆ ಫೇಸಿಂಗ್ ಆದ ಮುಖವನ್ನು ಒಮ್ಮೆ ಅಳೆಸಿ ನೋಡಿ.

ಮೂರನೆಯದು: ಎಷ್ಟು ಲೋಹ ತೆಗೆಯುತ್ತೀರಿ? ಕತ್ತರಿಸಿದ್ದು ವಾಪಸ್ ಬರುವುದಿಲ್ಲ. 'ಲಾಗೇಲ್ ತೇವಢಂಚ್ ಕಾಢಾ' (ಬೇಕಾದಷ್ಟೇ ತೆಗೆಯಿರಿ) ಎಂದು ಮರಾಠಿಯಲ್ಲೇ ಹೇಳಿ, ತೆಗೆದ ಅಂಕಿಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಮುಖ ಇಳಿದಷ್ಟೂ ಕಂಪ್ರೆಶನ್ ಏರುತ್ತದೆ, ವಾಲ್ವ್ ಪಿಸ್ಟನ್‌ಗೆ ಹತ್ತಿರವಾಗುತ್ತದೆ, ಕ್ಯಾಮ್ ಟೈಮಿಂಗ್ ಸ್ವಲ್ಪ ಸರಿಯುತ್ತದೆ. ಹೆಡ್‌ನಿಂದ ತೆಗೆದದ್ದನ್ನೂ ಇದಕ್ಕೆ ಕೂಡಿಸಿ ಲೆಕ್ಕ ಹಾಕಬೇಕು.

ಡೀಸೆಲ್ ಆದರೆ ಇದು ಇನ್ನೂ ಬಿಗಿ. ಬಹಳ ಡೀಸೆಲ್ ಎಂಜಿನ್‌ಗಳಲ್ಲಿ ಪಿಸ್ಟನ್ ಬ್ಲಾಕ್ ಮುಖಕ್ಕಿಂತ ಮೇಲೆ ಎಷ್ಟು ಬರುತ್ತದೆ ಎಂದು ಅಳೆದು, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಆರಿಸಬೇಕು. ದಪ್ಪದ ಗುರುತು ಗ್ಯಾಸ್ಕೆಟ್ ಅಂಚಿನ ಕಚ್ಚು ಅಥವಾ ತೂತುಗಳಲ್ಲಿರುತ್ತದೆ. ಫೇಸಿಂಗ್ ಆದ ಮೇಲೆ ಹಳೆಯದರ ಗುರುತು ನೋಡಿ ಅದೇ ದಪ್ಪ ತಂದರೆ ಪಿಸ್ಟನ್ ಹೆಡ್‌ಗೆ ಬಡಿಯಬಹುದು. ಎಂಜಿನ್ ಕಟ್ಟುವಾಗ ಡಯಲ್ ಗೇಜ್‌ನಲ್ಲಿ ಮತ್ತೆ ಅಳೆದು ಆಮೇಲೆ ಗ್ಯಾಸ್ಕೆಟ್ ಕೊಳ್ಳಿ.

ಇನ್ನೆರಡು ಮರೆಯುವ ಸಂಗತಿ. ಕೆಲವು ಎಂಜಿನ್‌ಗಳಲ್ಲಿ ಟೈಮಿಂಗ್ ಕವರ್‌ನ ಮೇಲಂಚೂ ಹೆಡ್ ಗ್ಯಾಸ್ಕೆಟ್ ಕೆಳಗೆ ಬರುತ್ತದೆ. ಬ್ಲಾಕ್ ಇಳಿಸಿದಷ್ಟೇ ಅದನ್ನೂ ಇಳಿಸಬೇಕು. ಮತ್ತೆ, ಎಂಜಿನ್ ನಂಬರ್ ಎಲ್ಲಿ ಕೊರೆದಿದೆ ನೋಡಿಕೊಳ್ಳಿ. ಅದು ಕತ್ತರಿಸುವ ಮುಖದಲ್ಲಿದ್ದರೆ ಆರ್‌ಸಿಯಲ್ಲಿರುವ ನಂಬರೇ ಅಳಿಸಿಹೋಗುತ್ತದೆ. ಆರ್‌ಟಿಒ ಕಚೇರಿಯಲ್ಲಿ ಕೇಳದೆ ಮುಂದುವರಿಯಬೇಡಿ.

ಬ್ಲಾಕ್ ವಾಪಸ್ ಬಂದ ಮೇಲೆ ಅಂಗಡಿಯವನ ಮಾತು ನಂಬಿ ಕೂರಬೇಡಿ, ನಿಮ್ಮ ಸ್ಟ್ರೇಟ್ ಎಡ್ಜ್ ಇಡಿ. ಆಯಿಲ್ ಗ್ಯಾಲರಿಗಳನ್ನು ಬ್ರಶ್ ಹಾಕಿ ತೊಳೆಯಿರಿ.

## ಹಂತ 10: ಕೊನೆಯ ಸ್ವಚ್ಛತೆ, ಕಟ್ಟುವುದು

ಮುಂಬೈ, ಪುಣೆಯ ಮಳೆಗಾಲದಲ್ಲಿ ಬರಿಮೈ ಬೀಡುಕಬ್ಬಿಣ ಕೆಲವೇ ತಾಸಿನಲ್ಲಿ ಕಂದು ತುಕ್ಕು ಹಿಡಿಯುತ್ತದೆ. ಗೋವಾದಂಥ ಉಪ್ಪುಗಾಳಿಯ ಕರಾವಳಿಯಲ್ಲಿ ಇನ್ನೂ ಬೇಗ. ಅದೇ ದಿನ ಕಟ್ಟುವುದಿಲ್ಲವಾದರೆ ತೆಳುವಾಗಿ ಎಣ್ಣೆ ಸವರಿ ಮುಚ್ಚಿಡಿ.

ಕಟ್ಟುವ ದಿನ ಪುಡಿಯನ್ನು ವ್ಯಾಕ್ಯೂಮ್‌ನಿಂದ ಹೀರಿ, ಊದಬೇಡಿ. ಟೇಪ್, ಬಟ್ಟೆ ಎಣಿಸಿ ತೆಗೆಯಿರಿ. ಮುಖವನ್ನು ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ, ಬಟ್ಟೆ ಬಿಳಿಯಾಗೇ ಉಳಿಯುವವರೆಗೆ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ಡೋವೆಲ್ ಹಾಕಿ, ಗ್ಯಾಸ್ಕೆಟ್ ಒಣ ಮುಖದ ಮೇಲೆ ಇಡಿ. ಗ್ರೀಸ್, ಸಿಲಿಕಾನ್ ಪೇಸ್ಟ್, ಶೆಲ್ಲಾಕ್ ಏನೂ ಬೇಡ. ಟೈಮಿಂಗ್ ಕವರ್ ಸೇರುವ ಜಾಗದಲ್ಲಿ ಒಂದು ಹನಿ ಹಾಕಿ ಎಂದು ಮ್ಯಾನ್ಯುಯಲ್ ಹೇಳಿದ್ದರೆ ಅಲ್ಲಿ ಮಾತ್ರ.

ಕೋನದಿಂದ ಬಿಗಿಯುವ ಹಿಗ್ಗುವ ಬೋಲ್ಟ್‌ಗಳಾದರೆ ಹೊಸದನ್ನೇ ಹಾಕಿ. ದಾರಕ್ಕೆ ಎಣ್ಣೆ ಹಾಕಬೇಕೋ ಬೇಡವೋ ಮ್ಯಾನ್ಯುಯಲ್ ನೋಡಿ. ಒಣ ದಾರಕ್ಕೂ ಎಣ್ಣೆ ದಾರಕ್ಕೂ ಒಂದೇ ಟಾರ್ಕ್‌ನಲ್ಲಿ ಸಿಗುವ ಬಿಗಿತ ಬೇರೆ. ನಡುವಿನಿಂದ ಹೊರಗೆ, ಹೇಳಿದಷ್ಟು ಸುತ್ತಿನಲ್ಲಿ ಬಿಗಿಯಿರಿ.

## ಹಂತ 11: ಮೊದಲ ಕಾವು

ಗಾಡಿ ಬಿಸಿಯಾಗಲು ಕಾರಣ ಏನಿತ್ತು? ರೇಡಿಯೇಟರ್, ಥರ್ಮೋಸ್ಟಾಟ್, ಫ್ಯಾನ್, ವಾಟರ್ ಪಂಪ್ ಇವುಗಳಲ್ಲಿ ತಪ್ಪಿತಸ್ಥ ಸಿಗದೆ ಸ್ಟಾರ್ಟ್ ಮಾಡಿದರೆ ಹೊಸ ಮುಖವೂ ಹಳೆಯದರ ದಾರಿ ಹಿಡಿಯುತ್ತದೆ.

ಸರಿಯಾದ ಕೂಲಂಟ್ ತುಂಬಿ, ಗಾಳಿ ಹೊರಗೆ ಬಿಟ್ಟು, ಫ್ಯಾನ್ ಒಂದೆರಡು ಸಲ ತಿರುಗುವವರೆಗೆ ಐಡಲ್‌ನಲ್ಲಿ ಓಡಿಸಿ. ತಣ್ಣಗಿನ ಸ್ಟಾರ್ಟ್ ಆದ ಕೆಲವೇ ಕ್ಷಣದಲ್ಲಿ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಸಿಲಿಂಡರ್ ಗ್ಯಾಸ್ ನೀರಿಗೆ ಬರುತ್ತಿದೆ. ಅನುಮಾನವಿದ್ದರೆ ನೀಲಿ ದ್ರವದ ಲೀಕ್ ಟೆಸ್ಟರ್ ಅನ್ನು ರೇಡಿಯೇಟರ್ ಬಾಯಿಗೆ ಹಿಡಿಯಿರಿ. ನೀಲಿ ಹಳದಿಯಾದರೆ ಮತ್ತೆ ಬಿಚ್ಚಬೇಕು. ಬಣ್ಣ ಬದಲಾಗದಿದ್ದರೆ ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಬೆಳಿಗ್ಗೆ ಕೂಲಂಟ್ ಮಟ್ಟ ಮತ್ತು ಡಿಪ್‌ಸ್ಟಿಕ್‌ನ ಆಯಿಲ್ ಬಣ್ಣ ನೋಡಿ. ಊರೊಳಗೆ ಕೆಲವು ದಿನ ಓಡಿಸಿ, ದಿನವೂ ಬೆಳಿಗ್ಗೆ ಇದೇ ಎರಡನ್ನು ಪರೀಕ್ಷಿಸಿ. ಮತ್ತೆ ಟಾರ್ಕ್ ಕೊಡುವುದು ಮ್ಯಾನ್ಯುಯಲ್ ಹೇಳಿದ್ದರೆ ಮಾತ್ರ. ಎಂಎಲ್‌ಎಸ್ ಗ್ಯಾಸ್ಕೆಟ್‌ಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮಟ್ಟ ಇಳಿಯುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಘಾಟ್ ಹತ್ತಿಸಿ.